ಸುಣ್ಣದ ನೀರು, ಒಂಟಿಕೋಶದ ತೂಬು

ಹಿರಿಯೂರು, ಹೊಸದುರ್ಗದ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುವುದು ಯಾರಿಗೂ ಹೊಸದಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದರೆ ಬಿಡುತ್ತದೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಟ್ಟುತ್ತದೆ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಸರಕೇ. ಕುಡಿಯುವ ನೀರಿನಲ್ಲಿ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಸರಿ ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಸಿಗದ ಕಡೆ 200ರವರೆಗೂ ಒಪ್ಪುತ್ತದೆ. ನಮಗೆ ಇದು ಹಂಡೆ ತೊಳೆಯುವ ತಾಪತ್ರಯ. ಅಂಥ ನೀರಿನಲ್ಲೇ ಮುಳುಗಿ ಬದುಕುವ ಏಕಕೋಶ ಜೀವಿಗೆ ಮಾತ್ರ ಪ್ರಾಣದ ಪ್ರಶ್ನೆ.

ಜೀವಕೋಶದ ಶಕ್ತಿಯ ಕೊಡುಕೊಳ್ಳುವಿಕೆ ನಡೆಯುವುದು ಎಟಿಪಿ ಎಂಬ ಫಾಸ್ಫೇಟ್ ಸಂಯುಕ್ತದಲ್ಲಿ. ಕ್ಯಾಲ್ಸಿಯಂ ಮಿತಿಮೀರಿ ಒಳನುಗ್ಗಿದರೆ ಫಾಸ್ಫೇಟನ್ನು ಹಿಡಿದು ಗಸಿಯಾಗಿ ಕೂರಿಸಿಬಿಡುತ್ತದೆ, ಕೋಶ ಸಾಯುತ್ತದೆ. ಆದ್ದರಿಂದ ಹೊರಗಿನ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಇದ್ದಾಗಲೂ ಕೋಶರಸದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಲೀಟರಿಗೆ ಸುಮಾರು 0.004 ಮಿಲಿಗ್ರಾಂ ಅಷ್ಟೇ. ಹತ್ತು ಸಾವಿರ ಪಟ್ಟು ಅಂತರ. ಈ ಅಂತರ ಕಾಯಲು ಪೊರೆಯಲ್ಲಿರುವ ಪಂಪುಗಳು ಹಗಲೂ ರಾತ್ರಿ ಎಟಿಪಿ ಸುಟ್ಟು ದುಡಿಯುತ್ತವೆ.

ಈ ಹೆಣಗಾಟ ಬಹಳ ಹಳೆಯದು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ ನಿಂತಿರುವ ಮಾರಿಕಣಿವೆಯ ಸುತ್ತಿನ ಸುಣ್ಣಕಲ್ಲಿನಲ್ಲಿ ಪದರ ಪದರವಾಗಿ ಉಬ್ಬಿದ ಗೆರೆಗಳಿವೆ. ಇವು ಸ್ಟ್ರೊಮ್ಯಾಟೊಲೈಟ್‌ಗಳು, ಸುಮಾರು 260 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಲೋಳೆಯ ಹಾಸಾಗಿ ಬೆಳೆದ ಸೂಕ್ಷ್ಮಜೀವಿಗಳ ಗುರುತು. ಇಂಥ ಹಾಸುಗಳು ಇವತ್ತಿಗೂ ಕೆಲವು ಕಡಲತೀರಗಳಲ್ಲಿ ಬೆಳೆಯುತ್ತಿವೆ. ಜೀವಿಗಳು ಬಿಸಿಲಿನಲ್ಲಿ ಆಹಾರ ತಯಾರಿಸುತ್ತ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿದಂತೆ ಸುಣ್ಣ ನೀರಿನಿಂದ ಬೇರ್ಪಟ್ಟು ಲೋಳೆಯಲ್ಲಿ ಕೂರುತ್ತದೆ. ಗಮನಿಸಬೇಕಾದ್ದು, ಕಲ್ಲು ಕಟ್ಟುವುದು ಕೋಶದ ಹೊರಗೆ. ಮರಡಿಹಳ್ಳಿಯ ದಿಂಬುಲಾವಾ ನೋಡಲು ಹೋಗುವವರು ಈ ಗೆರೆಗಳನ್ನೂ ಒಮ್ಮೆ ನೋಡಿ ಬರಬೇಕು ಎಂಬುದು ನನ್ನ ಆಸೆ.

ಹೊರಗಿಡುವುದೇ ಎಲ್ಲವೂ ಆಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹತ್ತು ಸಾವಿರ ಪಟ್ಟು ಅಂತರವೆಂದರೆ ಅಣೆಕಟ್ಟಿನ ಹಿಂದೆ ತುಂಬಿ ನಿಂತ ನೀರು. ಚೂರು ತೂಬು ತೆರೆದರೂ ರಭಸದಿಂದ ನುಗ್ಗುತ್ತದೆ, ಕೋಶ ಅದನ್ನೇ ಸುದ್ದಿಯಾಗಿ ಬಳಸಿಕೊಳ್ಳುತ್ತದೆ. ಪೊರೆಯಲ್ಲಿರುವ ಪ್ರೋಟೀನಿನ ತೂಬುಗಳೇ ಕ್ಯಾಲ್ಸಿಯಂ ಚಾನೆಲ್‌ಗಳು. ಅಯಾನುಗಳಿಗೆ ವಿದ್ಯುದಂಶ ಇರುವುದರಿಂದ ಈ ಹರಿವನ್ನು ಕ್ಯಾಲ್ಸಿಯಂ ವಿದ್ಯುತ್ ಪ್ರವಾಹ ಎನ್ನುತ್ತಾರೆ.

ಇದನ್ನು ಕಣ್ಣಾರೆ ನೋಡಲು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಸಾಕು. ಹೊಳಲ್ಕೆರೆಯ ಕೆರೆಯಂಚಿನದೋ ದುರ್ಗದ ಹೊಂಡದ್ದೋ, ಎಲೆ ಕೊಳೆತು ನಿಂತ ನೀರಿಗೆ ಒಂದಿಷ್ಟು ಒಣಹುಲ್ಲು ಹಾಕಿ ಕೆಲವು ದಿನ ಬಿಟ್ಟು ಸೂಕ್ಷ್ಮದರ್ಶಕದಡಿ ಹನಿಯಿಟ್ಟರೆ ಸಿಗುವ ಸಂಭವ ಹೆಚ್ಚು. ಮೈತುಂಬ ಸಾವಿರಾರು ಲೋಮಾಂಗಗಳನ್ನು ಬಡಿಯುತ್ತ, ತಿರುಚಿಕೊಂಡು ಮುಂದೆ ಸಾಗುತ್ತದೆ. ಮರಳಕಣಕ್ಕೆ ಮೂತಿ ತಾಗಿತೋ, ತಟ್ಟನೆ ಹಿಂದಕ್ಕೆ ಈಜಿ, ದಿಕ್ಕು ಹೊರಳಿಸಿ, ಮತ್ತೆ ಮುಂದಕ್ಕೆ. ಮಿದುಳಿಲ್ಲ, ನರವಿಲ್ಲ. 1960ರ ದಶಕದ ಕೊನೆಗೆ ಯುತಾಕ ನೈಟೊ ಮತ್ತು ರೋಜರ್ ಎಕರ್ಟ್ ಈ ಜೀವಿಯೊಳಕ್ಕೆ ಸೂಕ್ಷ್ಮ ವಿದ್ಯುದಗ್ರ ಚುಚ್ಚಿ ಅಳೆದರು. ಮೂತಿಗೆ ಪೆಟ್ಟು ಬಿದ್ದರೆ ಪೊರೆಯ ವೋಲ್ಟೇಜ್ ಏರುತ್ತದೆ, ಕ್ಯಾಲ್ಸಿಯಂ ತೂಬುಗಳು ತೆರೆದು, ಲೋಮಾಂಗಗಳು ಉಲ್ಟಾ ಬಡಿಯುತ್ತವೆ. ಹಿಂಬದಿಗೆ ತಟ್ಟಿದರೆ ಪೊಟ್ಯಾಸಿಯಂ ಹೊರಹರಿದು ವೋಲ್ಟೇಜ್ ಇಳಿಯುತ್ತದೆ, ಜೀವಿ ಮುಂದಕ್ಕೆ ಇನ್ನೂ ಜೋರಾಗಿ ಓಡುತ್ತದೆ.

ವೋಲ್ಟೇಜಿಗೆ ತೆರೆಯುವ ಈ ತೂಬುಗಳಿರುವುದು ಲೋಮಾಂಗಗಳ ಪೊರೆಯಲ್ಲಿ. ಲೋಮಾಂಗಗಳನ್ನು ಕಳಚಿಬಿಟ್ಟರೆ ಜೀವಿ ಬದುಕಿರುತ್ತದೆ, ಆ ಪ್ರವಾಹ ಮಾತ್ರ ಕಾಣೆ. ಲೋಮಾಂಗ ಬೆಳೆದಂತೆ ಪ್ರವಾಹವೂ ಮರಳುತ್ತದೆ. ಚಿಂಗ್ ಕುಂಗ್ 1971ರಲ್ಲಿ ವರದಿ ಮಾಡಿದ ರೂಪಾಂತರಿ ಪ್ಯಾರಮೀಸಿಯಂಗಳಲ್ಲಿ ಈ ತೂಬು ತೆರೆಯುವುದೇ ಇಲ್ಲ. ಅವಕ್ಕೆ ಹಿಂದಕ್ಕೆ ಈಜಲು ಬಾರದು. ಚದುರಂಗದ ಕಾಲಾಳಿನ ಹೆಸರನ್ನೇ ಅವಕ್ಕೆ ಇಟ್ಟರು.

ತೆರೆಯುವುದಕ್ಕಿಂತ ಮುಚ್ಚುವುದೇ ಹೆಚ್ಚು ಜಾಣ್ಮೆಯ ಕೆಲಸ ಅನಿಸುತ್ತದೆ ನನಗೆ. ತೂಬು ತೆರೆದೇ ಉಳಿದರೆ ಸಾವು ಖಂಡಿತ. ಮುಚ್ಚುವುದು ಯಾರು? ವೋಲ್ಟೇಜೇ ಇರಬೇಕೆಂದು ಮೊದಲು ಹಲವರು ಭಾವಿಸಿದ್ದರು. ಪಾಲ್ ಬ್ರೆಮ್ ಮತ್ತು ಎಕರ್ಟ್ 1978ರಲ್ಲಿ ಬೇರೆಯೇ ಉತ್ತರ ಕೊಟ್ಟರು: ಒಳಬಂದ ಕ್ಯಾಲ್ಸಿಯಮ್ಮೇ. ನೀರಿನ ಕ್ಯಾಲ್ಸಿಯಂ ತೆಗೆದು ಬೇರಿಯಂ ಹಾಕಿದರೆ ಅದೂ ಅದೇ ತೂಬಿನಲ್ಲಿ ಹರಿಯುತ್ತದೆ, ಆದರೆ ತೂಬು ಬೇಗ ಮುಚ್ಚುವುದಿಲ್ಲ. ಕ್ಯಾಲ್ಸಿಯಂ ಹೀರಿ ಹಿಡಿಯುವ ಇಜಿಟಿಎಯನ್ನು ಕೋಶದೊಳಗೆ ತುಂಬಿದರೂ ಮುಚ್ಚುವಿಕೆ ಕುಂದುತ್ತದೆ. ಕ್ಯಾಲ್ಸಿಯಂ ಒಳಬರಲಾಗದಷ್ಟು ವೋಲ್ಟೇಜ್ ಏರಿಸಿದರೆ, ಆಗಲೂ ತೂಬು ಮುಚ್ಚಿಕೊಳ್ಳದು. ವೋಲ್ಟೇಜೇ ಕಾರಣವಾಗಿದ್ದರೆ ಆಗ ಇನ್ನೂ ಬೇಗ ಮುಚ್ಚಬೇಕಿತ್ತಲ್ಲ!

ನಮ್ಮ ಹೃದಯದ ಸ್ನಾಯುಕೋಶಗಳಲ್ಲೂ ಇದೇ ಕಡಿವಾಣವಿದೆ. ಅಲ್ಲಿ ಕ್ಯಾಲ್ಮಾಡ್ಯುಲಿನ್ ಎಂಬ ಪುಟ್ಟ ಪ್ರೋಟೀನು ಕ್ಯಾಲ್ಸಿಯಂ ಹಿಡಿದು ಚಾನೆಲ್ಲನ್ನು ಅದುಮುತ್ತದೆ. ಪ್ಯಾರಮೀಸಿಯಂನಲ್ಲೂ ಕ್ಯಾಲ್ಮಾಡ್ಯುಲಿನ್ ಇದೆ. ಅದರಲ್ಲಿ ದೋಷವಿರುವ ಒಂದು ಬಗೆಯ ರೂಪಾಂತರಿಯಲ್ಲಿ ವೋಲ್ಟೇಜನ್ನು ಮತ್ತೆ ಇಳಿಸಬೇಕಾದ ಪೊಟ್ಯಾಸಿಯಂ ಪ್ರವಾಹ ಸೊರಗಿ, ಜೀವಿ ಸಣ್ಣ ಪ್ರಚೋದನೆಗೂ ಬೆಚ್ಚಿ ಬಹಳ ಹೊತ್ತು ಹಿಂದೆ ಹಿಂದೆಯೇ ಈಜುತ್ತಿರುತ್ತದೆ.

ತೂಬು ತೆರೆದು ಮುಚ್ಚುವುದರ ಪರಿಣಾಮವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ತೋರಿಸುವುದು ಕಷ್ಟವಲ್ಲ. ಬೇಕಾದದ್ದು ಪೊಟ್ಯಾಸಿಯಂ ಕ್ಲೋರೈಡ್. ಗೊಬ್ಬರದಂಗಡಿಯ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದರೂ ಅದೇ, ಆದರೆ ಪ್ರಯೋಗಕ್ಕೆ ಶುದ್ಧವಾದದ್ದು ಬೇಕು. ಅದನ್ನು ಲೀಟರಿಗೆ ಒಂದೂವರೆ ಗ್ರಾಂ ಲೆಕ್ಕದಲ್ಲಿ ಸೇರಿಸಿದ ನೀರಿಗೆ ಪ್ಯಾರಮೀಸಿಯಂ ಬಿಟ್ಟರೆ ಪೊರೆಯ ವೋಲ್ಟೇಜ್ ಏರಿ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಈಜತೊಡಗುತ್ತವೆ, ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಮಾತ್ರ. ಸ್ವಲ್ಪ ಹೊತ್ತಿಗೆ ಗಿರಕಿ ಹೊಡೆದು ಒಂದೊಂದಾಗಿ ಮುಂದಕ್ಕೆ ಹೊರಡುತ್ತವೆ. ಪೊಟ್ಯಾಷ್ ನೀರಿನಲ್ಲಿ ಹಾಗೇ ಇದೆ, ವೋಲ್ಟೇಜೂ ಹಳೆಯ ಮಟ್ಟಕ್ಕೆ ಇಳಿದಿಲ್ಲ. ತೂಬಿನ ಹರಿವು ಬಡವಾಗಿದೆ, ಒಳಬಂದದ್ದನ್ನು ಪಂಪುಗಳು ಎತ್ತಿ ಹೊರಹಾಕಿವೆ.