ಡಿಸ್ಕ್ ದೊಡ್ಡದಾಯ್ತು, ಡಿಎಫ್ ಮಾತ್ರ ಹಳೇ ಲೆಕ್ಕಾನೇ ಹೇಳ್ತಿದೆ! ಡೇಟಾಬೇಸ್ ಸರ್ವರಿಗೆ ಜಾಗ ಸೇರಿಸೋದು ಹೇಗೆ?

ಲಿನಕ್ಸ್ ಸರ್ವರಿನಲ್ಲಿರೋ ಡೇಟಾಬೇಸಿಗೆ ಡಿಸ್ಕ್ ಜಾಗ ಹೆಚ್ಚಿಸೋದು ಇವತ್ತಿನ ವಿಷಯ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಇದು ಬರಹ ರೂಪ. ಕಮಾಂಡುಗಳನ್ನ ನಾವು ಬಾಯಲ್ಲಿ ಹೇಳೋ ಹಾಗೇ ಕನ್ನಡದಲ್ಲಿ ಬರೆದಿದ್ದೀನಿ.

ಮೊದಲು ನನ್ನದೇ ಒಂದು ಪಜೀತಿ ಹೇಳ್ತೀನಿ. 2019, ಪುಣೆಯ ಹಿಂಜವಾಡಿ, ಗೌರಿ ಹಬ್ಬಕ್ಕೆ ಎರಡು ದಿನ ಬಾಕಿ. ಮರುದಿನ ಸಂಜೆ ಹುಬ್ಬಳ್ಳಿ ಬಸ್ಸಿಗೆ ಟಿಕೆಟ್ ಆಗಿತ್ತು. ರಾತ್ರಿ ಎರಡು ಗಂಟೆಗೆ ಫೋನ್ ಬಂತು: ಗ್ರಾಹಕರ ಬಿಲ್ಲಿಂಗ್ ಡೇಟಾಬೇಸ್ ಬಿದ್ದುಹೋಗಿದೆ. ಪೋಸ್ಟ್‌ಗ್ರೆಸ್ 9.6, ಡೇಟಾ ಡಿಸ್ಕ್ 500 ಜಿಬಿ, ನೂರಕ್ಕೆ ನೂರು ತುಂಬಿದೆ. ಸ್ಟೋರೇಜ್ ತಂಡದವರು ಇಪ್ಪತ್ತೇ ನಿಮಿಷದಲ್ಲಿ "300 ಜಿಬಿ ಸೇರಿಸಿದ್ದೀವಿ" ಅಂದ್ರು. ನಾನು ಖುಷಿಯಾಗಿ ಡಿಎಫ್ ಹೈಫನ್ ಎಚ್ ಹೊಡೆದೆ. ಅದೇ 500, ಅದೇ ನೂರು ಪರ್ಸೆಂಟ್.

ಗಾಬರಿಯಲ್ಲಿ ಡೇಟಾ ಡೈರೆಕ್ಟರಿ ಜಾಲಾಡಿದೆ. ಪಿಜಿ-ಎಕ್ಸ್‌ಲಾಗ್ ಅನ್ನೋ ಫೋಲ್ಡರಿನಲ್ಲಿ 16 ಎಂಬಿಯ ಸಾವಿರಾರು ಫೈಲು. "ಲಾಗ್ ತಾನೆ, ಹಳೇವನ್ನ ಅಳಿಸಿದ್ರೆ ಆಯ್ತು" ಅಂತ ಆರ್‌ಎಂ ಟೈಪ್ ಮಾಡಿ, ಎಂಟರ್ ಒತ್ತೋ ಮುಂಚೆ, ಯಾಕೋ ಅನುಮಾನ ಬಂದು ಧಾರವಾಡದ ನಮ್ಮ ಸೀನಿಯರ್‌ಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲೇ ಹೇಳಿದ್ರು: "ತಮ್ಮಾ, ಅದಕ್ಕ ಕೈ ಹಚ್ಚಬ್ಯಾಡ. ಹೆಸರಷ್ಟ ಲಾಗ್ ಐತಿ, ಡೇಟಾಬೇಸಿನ ಜೀವಾನೇ ಅದರಾಗೈತಿ."

ಅವರು ಹೇಳಿದ್ದು ನಿಜ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಅಲ್ಲಿ ಬರೆದು, ಆಮೇಲೆ ಟೇಬಲ್ ಫೈಲುಗಳಿಗೆ ಸೇರಿಸುತ್ತೆ. ಸರ್ವರ್ ಬಿದ್ದು ಎದ್ದಾಗ ಲೆಕ್ಕ ಸರಿಮಾಡೋದು ಆ ಫೈಲುಗಳಿಂದಲೇ. ಅವನ್ನ ಅಳಿಸಿದರೆ ಡೇಟಾಬೇಸ್ ಏಳದೇ ಇರಬಹುದು, ಎದ್ದರೂ ಒಳಗಿನ ಡೇಟಾ ನಂಬೋ ಹಾಗಿರಲ್ಲ. ನನ್ನ ಹಾಗೇ "ಲಾಗ್" ಅನ್ನೋ ಹೆಸರು ನೋಡಿ ಅಳಿಸಿ ಕೆಟ್ಟವರು ಬಹಳ ಜನ. ಅದಕ್ಕೇ 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಲ್ಲಿ ಆ ಫೋಲ್ಡರಿನ ಹೆಸರನ್ನೇ ಪಿಜಿ-ವಾಲ್ ಅಂತ ಬದಲಾಯಿಸಿದರು.

ಸರಿ, ಸೇರಿಸಿದ 300 ಜಿಬಿ ಎಲ್ಲಿ ಹೋಯ್ತು? ಪಕ್ಕದ ಸೈಟ್ ಕೊಂಡ ಮಾತ್ರಕ್ಕೆ ಅಡುಗೆಮನೆ ದೊಡ್ಡದಾಗಲ್ಲ ಅಲ್ವಾ? ಕಾಂಪೌಂಡ್ ಒಡೀಬೇಕು, ಪಾಯ ಹಾಕ್ಬೇಕು, ಗೋಡೆ ಎಬ್ಬಿಸ್ಬೇಕು. ಲಿನಕ್ಸಿನಲ್ಲೂ ಹಾಗೇ. ಎಲ್‌ವಿಎಂ ಇರೋ ಸರ್ವರಿನಲ್ಲಿ ಡಿಸ್ಕಿಗೂ ಡೇಟಾಬೇಸಿಗೂ ನಡುವೆ ಪದರಗಳಿವೆ. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಹಿಗ್ಗಿಸ್ತಾ ಬರಬೇಕು.

1. ಡಿಸ್ಕ್. ಮೊದಲು ಎಲ್‌ಎಸ್‌ಬಿಎಲ್‌ಕೆ ಹೊಡೆದು ನೋಡಿ. ನಮ್ಮದು ವಿಎಂವೇರ್ ಮೇಲಿನ ವರ್ಚುವಲ್ ಮಷೀನ್, ಹೊಸ ಗಾತ್ರ ಕರ್ನಲ್‌ಗೇ ಗೊತ್ತಿರಲಿಲ್ಲ. ಸಿಸ್ ಡೈರೆಕ್ಟರಿ ಕೆಳಗೆ ಆ ಡಿಸ್ಕಿನ ರೀಸ್ಕ್ಯಾನ್ ಅನ್ನೋ ಫೈಲಿಗೆ 1 ಅಂತ ಬರೆದ ತಕ್ಷಣ 800 ಕಾಣಿಸ್ತು. ರೀಬೂಟ್ ಬೇಕಾಗಿಲ್ಲ.

2. ಪಾರ್ಟಿಷನ್. ಗ್ರೋಪಾರ್ಟ್ ಕಮಾಂಡಿಗೆ ಡಿಸ್ಕಿನ ಹೆಸರು, ಒಂದು ಸ್ಪೇಸ್, ಆಮೇಲೆ ಪಾರ್ಟಿಷನ್ ಸಂಖ್ಯೆ. ಆ ಸ್ಪೇಸ್ ಮರೆತು ಎರಡನ್ನೂ ಸೇರಿಸಿ ಬರೆದರೆ ಕೆಲಸ ಆಗಲ್ಲ. ಪಾರ್ಟಿಷನ್ ಇಲ್ಲದೆ ಇಡೀ ಡಿಸ್ಕನ್ನೇ ಎಲ್‌ವಿಎಂಗೆ ಕೊಟ್ಟಿದ್ದರೆ ಈ ಹೆಜ್ಜೆಯೇ ಬೇಡ.

3. ಫಿಸಿಕಲ್ ವಾಲ್ಯೂಮ್. ಪಿವಿರೀಸೈಜ್. ಆಮೇಲೆ ವಿಜಿಎಸ್ ಹೊಡೆದರೆ ಖಾಲಿ ಜಾಗದ ಲೆಕ್ಕ ಸಿಗುತ್ತೆ.

4. ಲಾಜಿಕಲ್ ವಾಲ್ಯೂಮ್. ಎಲ್‌ವಿಎಕ್ಸ್‌ಟೆಂಡ್‌ನಲ್ಲಿ ಹೈಫನ್ ದೊಡ್ಡ ಎಲ್, ಪ್ಲಸ್ 200 ಜಿ. ಪ್ಲಸ್ ಬಿಟ್ಟರೆ "ಒಟ್ಟು ಗಾತ್ರ 200" ಅಂತ ಅರ್ಥ ಆಗುತ್ತೆ, ಜೋಪಾನ.

5. ಫೈಲ್ ಸಿಸ್ಟಂ. ಬಹಳ ಜನ ಮರೆಯೋದು ಇದನ್ನೇ. ಎಕ್ಸ್‌ಎಫ್‌ಎಸ್ ಇದ್ದರೆ ಎಕ್ಸ್‌ಎಫ್‌ಎಸ್-ಗ್ರೋಎಫ್‌ಎಸ್, ಅದಕ್ಕೆ ಮೌಂಟ್ ಪಾಯಿಂಟ್ ಕೊಡಿ. ಇಎಕ್ಸ್‌ಟಿ4 ಇದ್ದರೆ ರೀಸೈಜ್2ಎಫ್‌ಎಸ್, ಅದಕ್ಕೆ ಡಿವೈಸ್ ಹೆಸರು ಕೊಡಿ. ನಾಲ್ಕನೇ ಹೆಜ್ಜೆಯಲ್ಲಿ ಹೈಫನ್ ಚಿಕ್ಕ ಆರ್ ಸೇರಿಸಿದ್ದರೆ ಇದೂ ಅಲ್ಲೇ ಮುಗಿಯುತ್ತೆ.

ಈಗ ಡಿಎಫ್ 700 ತೋರಿಸ್ತು. ಇಷ್ಟೂ ಕೆಲಸ ಫೈಲ್ ಸಿಸ್ಟಂ ಮೌಂಟ್ ಆಗಿರುವಾಗಲೇ ಆಗುತ್ತೆ. ಡಿಸ್ಕ್ ತುಂಬೋ ಮುಂಚೆಯೇ ಮಾಡಿದರೆ ಡೇಟಾಬೇಸ್ ನಿಲ್ಲಿಸೋದೂ ಬೇಡ. ಆದರೆ ಶುರು ಮಾಡೋ ಮುಂಚೆ ಬ್ಯಾಕಪ್ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಪಾರ್ಟಿಷನ್ ಟೇಬಲ್ ಮುಟ್ಟೋ ಕೆಲಸ ಇದು.

300 ಇದ್ದರೂ 200 ಮಾತ್ರ ಯಾಕೆ ಕೊಟ್ಟೆ? ಎಕ್ಸ್‌ಎಫ್‌ಎಸ್ ಹಿಗ್ಗಿಸೋದು ಸುಲಭ, ಆಮೇಲೆ ಕುಗ್ಗಿಸೋದು ಆಗದ ಮಾತು. ಉಳಿದ 100 ಜಿಬಿ ವಾಲ್ಯೂಮ್ ಗ್ರೂಪಿನಲ್ಲಿ ಆಪದ್ಧನದ ಹಾಗೆ ಇರುತ್ತೆ. ಮತ್ತೊಂದು ರಾತ್ರಿ ಬೇಕಾದ್ರೆ ಒಂದೇ ಕಮಾಂಡು, ಯಾರ ಕೈಕಾಲೂ ಹಿಡೀಬೇಕಾಗಿಲ್ಲ.

ಪೋಸ್ಟ್‌ಗ್ರೆಸ್ ಸ್ಟಾರ್ಟ್ ಮಾಡಿದೆ. ಆ ಲಾಗ್ ಫೈಲುಗಳನ್ನ ಓದಿ ತಾನೇ ರಿಕವರಿ ಮಾಡ್ಕೊಂಡು ಎದ್ದು ಕೂತ್ಕೊಳ್ತು. ಅಳಿಸಿದ್ದಿದ್ರೆ? ನೆನೆಸ್ಕೊಂಡ್ರೆ ಈಗಲೂ ಕೈ ತಣ್ಣಗಾಗುತ್ತೆ.

ಫೋನ್ ಇಡೋ ಮುಂಚೆ ಸೀನಿಯರ್ ಇನ್ನೊಂದು ಕೇಳಿದ್ರು: "ಜಾಗ ಕೊಟ್ಟಿ, ಖರೆ. ತಿನ್ನಾಕತ್ತಿದ್ದು ಯಾವುದು, ನೋಡಿದಿ?" ಪಿಜಿ-ರೆಪ್ಲಿಕೇಷನ್-ಸ್ಲಾಟ್ಸ್ ನೋಡಿದರೆ ಉತ್ತರ ಅಲ್ಲೇ ಇತ್ತು. ಎರಡು ವಾರದ ಹಿಂದೆ ಒಂದು ರೆಪ್ಲಿಕಾ ಸರ್ವರ್ ತೆಗೆದುಹಾಕಿದ್ವಿ, ಅದರ ಸ್ಲಾಟ್ ಹಾಗೇ ಬಿಟ್ಟಿದ್ವಿ. ಇಲ್ಲದ ರೆಪ್ಲಿಕಾ ಬಂದು ಓದುತ್ತೆ ಅಂತ ಪೋಸ್ಟ್‌ಗ್ರೆಸ್ ಒಂದೊಂದು ಫೈಲನ್ನೂ ಕಾಪಾಡಿ ಇಟ್ಕೊಂಡಿತ್ತು! ಸ್ಲಾಟ್ ಡ್ರಾಪ್ ಮಾಡಿದೆ. ಮುಂದಿನ ಚೆಕ್‌ಪಾಯಿಂಟಿಗೆ ಪೋಸ್ಟ್‌ಗ್ರೆಸ್ ತಾನಾಗಿಯೇ ಹಳೇ ಫೈಲು ತೆಗೀತು. ಇದನ್ನ ಮಾಡದಿದ್ದರೆ ಆ 200 ಜಿಬಿಯೂ ಹಬ್ಬ ಮುಗಿಯೋದ್ರೊಳಗೆ ತುಂಬ್ತಿತ್ತು, ನಾನು ಊರಲ್ಲಿ ಕಡುಬು ಬಿಟ್ಟು ಲ್ಯಾಪ್‌ಟಾಪ್ ತೆಗೀಬೇಕಿತ್ತು. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದ ಮ್ಯಾಕ್ಸ್-ಸ್ಲಾಟ್-ವಾಲ್-ಕೀಪ್-ಸೈಜ್ ಅಂತ ಸೆಟ್ಟಿಂಗ್ ಇದೆ, ಒಂದು ಸ್ಲಾಟ್ ಎಷ್ಟು ಜಾಗ ಹಿಡಿಯಬಹುದು ಅನ್ನೋದಕ್ಕೆ ಮಿತಿ ಹಾಕಬಹುದು. ತಾನಾಗಿ ಮಿತಿ ಇರಲ್ಲ, ನೀವೇ ಹಾಕ್ಬೇಕು.

ನಾಳೆ ಆಫೀಸಿಗೆ ಹೋದ ತಕ್ಷಣ ಎರಡೇ ಕೆಲಸ ಮಾಡಿ. ವಿಜಿಎಸ್ ಹೊಡೆದು ಆಪದ್ಧನ ಎಷ್ಟಿದೆ ನೋಡಿ. ಬಳಸದ ಸ್ಲಾಟ್ ಏನಾದ್ರೂ ಉಳಿದಿದೆಯಾ ನೋಡಿ. ಐದು ನಿಮಿಷದ ಕೆಲಸ, ಒಂದು ರಾತ್ರಿ ನಿದ್ದೆ ಉಳಿಯುತ್ತೆ.

ಅಂದ ಹಾಗೆ, ಹುಬ್ಬಳ್ಳಿ ಬಸ್ ಸಿಕ್ತು. ದಾರಿಪೂರ್ತಿ ನಿದ್ದೆ ಮಾಡಿದೆ.