ಮೌಸ್‌ಗೆ ಕಂಪನಿಯ ಡ್ರೈವರ್ ಬೇಕೇ?

ಹೊಸ ಮೌಸ್ ಸಿಕ್ಕಿಸಿದ ಕೂಡಲೇ ಪರದೆಯ ಮೇಲಿನ ಬಾಣ ಓಡಾಡುತ್ತದಲ್ಲ, ಅದಕ್ಕೆ ಕಂಪನಿಯ ಡ್ರೈವರ್ ಬೇಕಾಗಿಯೇ ಇಲ್ಲ. ಮೌಸ್, ಕೀಬೋರ್ಡ್‌ನಂಥ ಸಾಧನಗಳಿಗಾಗಿ ಇರುವ ಯುಎಸ್‌ಬಿಯ ಎಚ್‌ಐಡಿ ನಿಯಮದಂತೆ, ತನ್ನಲ್ಲಿ ಎಷ್ಟು ಬಟನ್‌ಗಳಿವೆ, ವ್ಹೀಲ್ ಇದೆಯೇ, ಚಲನೆಯನ್ನು ಹೇಗೆ ತಿಳಿಸುತ್ತೇನೆ ಎಂಬ ವಿವರವನ್ನು ಮೌಸೇ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಅದನ್ನು ಓದುವ ಸಾಮಾನ್ಯ ಡ್ರೈವರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮೊದಲೇ ಇದೆ. ಕಂಪ್ಯೂಟರ್ ಶುರುವಾಗುವಾಗ ಓಡುವ ಬಯಾಸ್‌ಗೆಂದೇ ಇರುವ ಸರಳ ಕ್ರಮದಲ್ಲಂತೂ 3 ಬೈಟ್ ಸಾಕು: ಒಂದು ಬಟನ್‌ಗಳಿಗೆ, ಉಳಿದೆರಡು ಚಲನೆಗೆ.

ಹಾಗಾದರೆ ಗೇಮಿಂಗ್ ಮೌಸಿನ ಡಿಪಿಐ (ಚಲನೆಯ ಸೂಕ್ಷ್ಮತೆ), ಬಣ್ಣದ ದೀಪ? ಆಕ್ಷೇಪ ನ್ಯಾಯವಾದದ್ದೇ, ಅವನ್ನು ಪ್ರತಿ ಕಂಪನಿ ತನ್ನದೇ ರೀತಿಯಲ್ಲಿ ನಡೆಸುತ್ತದೆ. ಆದರೂ ಅಲ್ಲಿ ಬೇಕಾದದ್ದು ಸೆಟ್ಟಿಂಗ್ ಬದಲಿಸುವ ತಂತ್ರಾಂಶವಷ್ಟೇ. ಎಷ್ಟೋ ಮೌಸ್‌ಗಳು ಸೆಟ್ಟಿಂಗನ್ನು ತಮ್ಮ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತವೆ. ಒಮ್ಮೆ ಹೊಂದಿಸಿ ಆ ತಂತ್ರಾಂಶವನ್ನು ತೆಗೆದುಹಾಕಬಹುದು. ಲಿನಕ್ಸ್ ಬಳಕೆದಾರರಿಗೆ ಹಲವು ಮಾದರಿಗಳ ಮಟ್ಟಿಗೆ ಪೈಪರ್ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸ ಮಾಡಿಕೊಡುತ್ತದೆ.