ಯಾರೂ ಬಿತ್ತದ ಗಿಡ ಬಂದದ್ದು ಎಲ್ಲಿಂದ?

ಮುಂಗಾರಿನ ಒಂದೆರಡು ಹದ ಮಳೆ ಬಿದ್ದರೆ ಸಾಕು, ಮನೆ ಮುಂದಿನ ಹೂದೋಟದಲ್ಲಿ ಯಾರೂ ನೆಡದ ಸಸಿಗಳು ತಲೆ ಎತ್ತುತ್ತವೆ. ದಾಸವಾಳದ ಬುಡದಲ್ಲಿ ಟೊಮ್ಯಾಟೊ, ಮಲ್ಲಿಗೆ ಕುಂಡದಲ್ಲಿ ಅರಳಿ, ಸೇವಂತಿಗೆ ಸಾಲಿನ ನಡುವೆ ಗಣಿಕೆ ಸೊಪ್ಪು. ಕೆಲವರು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತೆಸೆಯುತ್ತಾರೆ, ಇನ್ನು ಕೆಲವರು ತಾನಾಗಿ ಬಂದದ್ದೆಂದು ಮುಟ್ಟದೆ ಬಿಡುತ್ತಾರೆ. ಗಿಡ ಬಂದ ದಾರಿ ತಿಳಿದರೆ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು, ಯಾವುದನ್ನು ಬಾಯಿಗೆ ಹಾಕಬಾರದು ಎಂಬುದೂ ತಿಳಿಯುತ್ತದೆ.

ತಪ್ಪು ಕಲ್ಪನೆ: ಬೀಜವಿಲ್ಲದೆಯೂ ಮಣ್ಣಿನಿಂದ ಗಿಡ ಹುಟ್ಟುತ್ತದೆ.

ಸತ್ಯ: ಬೀಜವೋ ಬೇರಿನ ತುಂಡೋ ಗೆಡ್ಡೆಯೋ ಮಣ್ಣಿನಲ್ಲಿ ಮೊದಲೇ ಇರುತ್ತದೆ. ನೀರು, ಬೆಳಕು ಸಿಗುವವರೆಗೆ ಬೀಜಗಳು ವರ್ಷಗಟ್ಟಲೆ ಸುಮ್ಮನೆ ಮಲಗಿರಬಲ್ಲವು. ಅಮೆರಿಕದ ಮಿಷಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ 20 ಬಾಟಲಿಗಳಿಗೆ ಮರಳಿನ ಜೊತೆ ಕಳೆಬೀಜಗಳನ್ನು ತುಂಬಿ ಹೂತಿಟ್ಟರು. 2021ರಲ್ಲಿ ಒಂದು ಬಾಟಲಿಯನ್ನು ಅಗೆದು ತೆಗೆದಾಗ, 142 ವರ್ಷಗಳ ಬಳಿಕವೂ ವರ್ಬಾಸ್ಕಮ್ ಎಂಬ ಗಿಡದ ಬೀಜಗಳು ಮೊಳೆತವು. ಎಷ್ಟೋ ಸಣ್ಣ ಬೀಜಗಳಿಗೆ ಮೊಳೆಯಲು ಬೆಳಕು ಬೇಕು. ಪಾತಿ ಅಗೆದು ಮಣ್ಣು ತಿರುವಿದ ವಾರದಲ್ಲೇ ಹೊಸ ಸಸಿಗಳು ಕಾಣುವುದಕ್ಕೆ ಇದೂ ಒಂದು ಕಾರಣ. ಲೋಡುಗಟ್ಟಲೆ ತರಿಸಿದ ಕೆಂಪು ಮಣ್ಣಿನಲ್ಲೂ ಕೊಟ್ಟಿಗೆ ಗೊಬ್ಬರದಲ್ಲೂ ಇಂಥ ಬೀಜಗಳು ಬರುತ್ತವೆ.

ತಪ್ಪು ಕಲ್ಪನೆ: ಕಾಗೆ ತಿಂದು ಹಾಕಿದರೆ ಮಾತ್ರ ಅರಳಿ ಹುಟ್ಟುತ್ತದೆ.

ಸತ್ಯ: ಅರಳಿ ಹಣ್ಣನ್ನು ಕಾಗೆಯಷ್ಟೇ ಅಲ್ಲ, ಕೋಗಿಲೆ, ಮೈನಾ, ಕುಟ್ರು ಹಕ್ಕಿ, ಬಾವಲಿಗಳೂ ತಿನ್ನುತ್ತವೆ. ಹಕ್ಕಿಯ ಹೊಟ್ಟೆಯಲ್ಲಿ ತಿರುಳು ಕಳಚಿಕೊಳ್ಳುವುದರಿಂದ ಬೀಜಕ್ಕೆ ಅನುಕೂಲವಾಗುತ್ತದೆ ನಿಜ, ಆದರೆ ಅದಿಲ್ಲದೆಯೂ ಅರಳಿ ಮೊಳೆಯುತ್ತದೆ. ನರ್ಸರಿಗಳಲ್ಲಿ ಬೀಜ ಬಿತ್ತಿಯೇ ಸಸಿ ಮಾಡುತ್ತಾರೆ. ಗೋಡೆಯ ಬಿರುಕಿನಲ್ಲೋ ಕುಂಡದಲ್ಲೋ ಕಂಡ ಸಸಿಯನ್ನು ಎಳೆಯದಾಗಿರುವಾಗಲೇ ಬೇರುಸಮೇತ ತೆಗೆದು ಕೆರೆ ಏರಿಗೋ ಊರ ಬಯಲಿಗೋ ಸಾಗಿಸಿದರೆ ಮರವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ.

ತಪ್ಪು ಕಲ್ಪನೆ: ಆರೈಕೆ ತಪ್ಪಿದರೆ ಒಳ್ಳೆಯ ಗುಲಾಬಿ ಕಾಡುಗುಲಾಬಿಯಾಗಿ ಬದಲಾಗುತ್ತದೆ.

ಸತ್ಯ: ಅಂಗಡಿಯಿಂದ ತಂದ ಹೆಚ್ಚಿನ ಗುಲಾಬಿಗಳು ಕಸಿ ಗಿಡಗಳು, ಅಂದರೆ ಒಂದೇ ಕುಂಡದಲ್ಲಿ ಇರುವುದು ಎರಡು ಗಿಡ. ಗಟ್ಟಿ ಬೇರುಸಸಿಯ ಮೇಲೆ ಚೆಂದದ ಹೂವಿನ ತಳಿಯ ಕಣ್ಣನ್ನು ಕೂರಿಸಿರುತ್ತಾರೆ. ಆ ಬೇರುಸಸಿಯೂ ಚಿಗುರೊಡೆಯುತ್ತದೆ, ಅದರ ರೆಂಬೆ ಭರದಿಂದ ಬೆಳೆದು ಮೇಲಿನ ಗಿಡದ ಸಾರವನ್ನೆಲ್ಲ ಹೀರುತ್ತದೆ. ಕೊನೆಗೆ ಕಸಿಯ ಭಾಗ ಒಣಗಿ, ಬೇರುಸಸಿಯ ಪುಟ್ಟ ಹೂಗಳಷ್ಟೇ ಉಳಿಯುತ್ತವೆ. ಐದೆಲೆಯಿದ್ದರೆ ಒಳ್ಳೆಯದು, ಏಳೆಲೆಯಿದ್ದರೆ ಕಾಡು ಎಂಬ ಲೆಕ್ಕವನ್ನೂ ನಂಬುವಂತಿಲ್ಲ, ಒಳ್ಳೆಯ ತಳಿಗಳಲ್ಲೂ ಏಳೆಲೆ ಇರುತ್ತದೆ. ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ರೆಂಬೆ ಕಸಿಯ ಗಂಟಿಗಿಂತ ಕೆಳಗಿನಿಂದ ಹೊರಟಿದೆಯೇ ಎಂದು ನೋಡಬೇಕು. ಹಾಗಿದ್ದರೆ ಕತ್ತರಿಸದೆ ಬುಡದಿಂದಲೇ ಕಿತ್ತು ತೆಗೆಯಬೇಕು. ಕತ್ತರಿಸಿದರೆ ಉಳಿದ ಮೋಟಿನಿಂದ ಮತ್ತೆ ಚಿಗುರುತ್ತದೆ.

ತಪ್ಪು ಕಲ್ಪನೆ: ಬಿದ್ದ ಬೀಜದಿಂದ ಎದ್ದ ಗಿಡದಲ್ಲಿ ಹೂವಿನ ಬಣ್ಣ ಬೇರೆಯಾದರೆ ಅದು ಮಣ್ಣಿನ ದೋಷ.

ಸತ್ಯ: ಅದು ಹೆಚ್ಚಾಗಿ ವಂಶದ ಗುಣ. ಇದಕ್ಕೆ ಸಂಜೆ ಮಲ್ಲಿಗೆಯೇ ಸಾಕ್ಷಿ. ಜರ್ಮನಿಯ ಕಾರ್ಲ್ ಕೊರೆನ್ಸ್ ಇದೇ ಗಿಡದ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕೆಂಪು ಮತ್ತು ಬಿಳಿ ಹೂವಿನ ಗಿಡಗಳ ಸಂಕರದಿಂದ ಗುಲಾಬಿ ಬಣ್ಣದ ಮಕ್ಕಳು ಹುಟ್ಟಿದವು. ಆ ಗುಲಾಬಿ ಗಿಡಗಳ ಬೀಜ ಬಿತ್ತಿದರೆ ಸರಾಸರಿ ನಾಲ್ಕರಲ್ಲಿ ಒಂದು ಕೆಂಪು, ಒಂದು ಬಿಳಿ, ಉಳಿದೆರಡು ಗುಲಾಬಿ. ಹೈಬ್ರಿಡ್ ಚೆಂಡು ಹೂವಿನ ಬೀಜ ಕಟ್ಟಿಟ್ಟು ಮರುವರ್ಷ ಬಿತ್ತಿದಾಗ ಹೂವಿನ ಗಾತ್ರ, ಬಣ್ಣ ಏರುಪೇರಾಗುವುದೂ ಇದೇ ಕಾರಣಕ್ಕೆ.

ತಪ್ಪು ಕಲ್ಪನೆ: ಬಿತ್ತದೆ ಬಂದದ್ದೆಲ್ಲ ಕಳೆ.

ಸತ್ಯ: ಗಣಿಕೆ, ಗೋಣಿಸೊಪ್ಪು, ಅಣ್ಣೆಸೊಪ್ಪುಗಳನ್ನು ಆಯ್ದು ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡುವ ಮನೆಗಳು ಕೋಲಾರ, ತುಮಕೂರು ಕಡೆ ಇಂದಿಗೂ ಇವೆ. ಗುರುತು ಬಲ್ಲ ಹಿರಿಯರ ಕಣ್ಣು ಮಾತ್ರ ಬೇಕು, ಏಕೆಂದರೆ ವಿಷದ ಉಮ್ಮತ್ತಿಯೂ ಇದೇ ರೀತಿ ತಾನಾಗಿ ಹುಟ್ಟುತ್ತದೆ. ಪಾರ್ಥೇನಿಯಂಗೆ, ಅಂದರೆ ಕಾಂಗ್ರೆಸ್ ಗಿಡಕ್ಕೆ, ದಯೆ ತೋರಬೇಕಿಲ್ಲ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ, ಮುಟ್ಟಿದವರಲ್ಲಿ ಕೆಲವರಿಗೆ ಚರ್ಮದ ಅಲರ್ಜಿ ತರುತ್ತದೆ. ಇದರ ಎಲೆ ತಿನ್ನುವ ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು, ಆದರೂ ಗಿಡ ಅಳಿದಿಲ್ಲ. ಕೈಗವಸು ಹಾಕಿಕೊಂಡು ಹೂ ಬಿಡುವ ಮೊದಲೇ ಕೀಳಬೇಕು.

ತಪ್ಪು ಕಲ್ಪನೆ: ತಾನಾಗಿ ಬೆಳೆದ ಕಾಯಿಗೆ ಔಷಧ ಹೊಡೆದಿಲ್ಲ, ಧೈರ್ಯವಾಗಿ ತಿನ್ನಬಹುದು.

ಸತ್ಯ: ಅಡುಗೆಮನೆಯ ಕಸದಿಂದ ಮಾಡಿದ ಗೊಬ್ಬರ ಸಾಕಷ್ಟು ಬಿಸಿಯೇರದಿದ್ದರೆ ಟೊಮ್ಯಾಟೊ, ಕುಂಬಳ, ಸೋರೆ ಬೀಜಗಳು ಸಾಯದೆ ಉಳಿಯುತ್ತವೆ. ಟೊಮ್ಯಾಟೊ ಬಂದರೆ ಚಿಂತೆಯಿಲ್ಲ. ಸೋರೆ, ಸೌತೆ, ಕುಂಬಳಗಳಲ್ಲಿ ಮಾತ್ರ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಸೇರಿರುವ ಸಾಧ್ಯತೆಯಿದೆ, ಕಾಡುತಳಿಯ ಪರಾಗ ಬೆರೆತ ಬೀಜವಾದರೆ ಇನ್ನೂ ಹೆಚ್ಚು. ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ಪ್ರಾಣ ಕಳೆದುಕೊಂಡ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. ಕಾಯಿಯ ಚಿಕ್ಕ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯೆನಿಸಿದರೆ ತಕ್ಷಣ ಉಗುಳಿ ಇಡೀ ಕಾಯನ್ನು ಎಸೆಯಬೇಕು. ಕಹಿ ರಸ ಕುಡಿದು ವಾಂತಿ ಭೇದಿ ಶುರುವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.